ಕೂಡುನಳಿಗೆಯ ಬಂದೂಕಿನಲ್ಲಿ ಒಂಟಿ ಗುಂಡು: ಹಾರಿಸುವ ಮೊದಲು ತಿಳಿದಿರಬೇಕಾದ ಸಂಗತಿಗಳು

ನಮ್ಮ ಜತ್ತ ತಾಲೂಕಿನ ಭೂಮಿ ಬಹುಮಟ್ಟಿಗೆ ಬಯಲುಭೂಮಿ. ಜೋಳ, ಸಜ್ಜೆ, ತೊಗರಿಯ ಹೊಲಗಳ ನಡುವೆ ಈಗ ದ್ರಾಕ್ಷಿ, ದಾಳಿಂಬರಿಯ ತೋಟಗಳೂ ಎದ್ದಿವೆ. ಊರೊಳಗಿನ ಮನೆ ಬಿಟ್ಟು ಹೊಲದಲ್ಲಿಯೇ ವಸ್ತಿ ಮಾಡಿಕೊಂಡಿರುವ ಒಕ್ಕಲು ಮನೆತನಗಳು ಸಂಖ, ಉಮದಿಗಳ ಕಡೆಗೆಲ್ಲ ಕಾಣಸಿಗುತ್ತವೆ. ಬೆಳೆಯ ರಕ್ಷಣೆಗೆಂದು ಲೈಸೆನ್ಸಿನ ಬಂದೂಕು ಇಟ್ಟುಕೊಂಡವರೂ ಇವರಲ್ಲಿ ಕೆಲವರುಂಟು. ಅಡವಿಹಂದಿಗೆ ಛರ್ರಾ ಸಾಲದು, ಒಂಟಿ ಗುಂಡೇ ಬೇಕು ಎಂಬ ಮಾತು ಇಂಥ ಕಡೆಗೆ ಸಹಜವಾಗಿಯೇ ಬರುತ್ತದೆ. ಆ ಗುಂಡನ್ನು ಯಾವ ನಳಿಗೆಯಲ್ಲಿ ಹಾಕಬೇಕು, ಯಾವುದರಲ್ಲಿ ಹಾಕಕೂಡದು, ಹಾರಿದ ಮೇಲೆ ಅದು ಎಲ್ಲಿ ಹೋಗಿ ನಿಲ್ಲುವದು ಎಂಬುದನ್ನು ಈ ಸಲದ ಪಾಠದಲ್ಲಿ ನಾವು ವಿಚಾರ ಮಾಡೋಣ.

ಬಂದೂಕಿನ ಜಾತಿ

ಒಕ್ಕಲಿಗರ ಮನೆಯಲ್ಲಿ ಸಾಮಾನ್ಯವಾಗಿ ಕಾಣುವದು ೧೨ ಬೋರಿನ ಒಂಟಿ ನಳಿಗೆ, ಇಲ್ಲವೆ ಜೋಡು ನಳಿಗೆ. ಇವುಗಳ ಒಳಮೈ ನುಣುಪು. ರೈಫಲಿನ ನಳಿಗೆಯ ಒಳಗೆ ಸುರುಳಿಯಾಗಿ ಗೀರು ಕೊರೆದಿರುತ್ತಾರೆ. ಆ ಗೀರು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳಿಸುತ್ತದೆ. ನುಣುಪು ನಳಿಗೆಯನ್ನೂ ರೈಫಲು ನಳಿಗೆಯನ್ನೂ ಒಂದೇ ಹಿಡಿಗೆ ಕೂಡಿಸಿ ಮಾಡಿದ ಬಂದೂಕೂ ಉಂಟು. ಅದಕ್ಕೆ ನಾವು ಇಲ್ಲಿ ಕೂಡುನಳಿಗೆಯ ಬಂದೂಕು ಎನ್ನೋಣ. ಎರಡು ನಳಿಗೆ ಮಗ್ಗುಲಲ್ಲಿದ್ದರೆ ಕೇಪ್ ಗನ್ ಎಂದೂ, ಎರಡು ನುಣುಪು ನಳಿಗೆಯ ಕೆಳಗೆ ಒಂದು ರೈಫಲು ನಳಿಗೆ ಇದ್ದರೆ ಜರ್ಮನರ ಮಾತಿನಲ್ಲಿ ಡ್ರಿಲ್ಲಿಂಗ್ ಎಂದೂ ಹೆಸರು.

ಇವು ನಮ್ಮ ಕಡೆಗೆ ಅಪರೂಪ. ಆದರೆ ಸಂಸ್ಥಾನಗಳ ಕಾಲದಲ್ಲಿ ಇಂಗ್ಲೆಂಡು, ಜರ್ಮನಿಗಳಿಂದ ಬೇಟೆಯ ಬಂದೂಕು ತರಿಸುವ ರೂಢಿ ದೇಶದಲ್ಲೆಲ್ಲ ಇತ್ತು. ಜತ್ತವೂ ಡಫಳೆ ಮನೆತನದ ಸಂಸ್ಥಾನವಾಗಿದ್ದು, ೧೯೪೮ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಹಳೆಯ ವಾಡೆಗಳಲ್ಲಿ ಅಜ್ಜನ ಕಾಲದ ಇಂಥ ಬಂದೂಕು ಲೈಸೆನ್ಸಿನೊಡನೆ ಮೊಮ್ಮಗನ ಕೈಗೆ ಬರುವದುಂಟು. ಬಂದೂಕು ಬರುತ್ತದೆ, ಅದನ್ನು ಬಳಸುವ ತಿಳುವಳಿಕೆ ಅದರೊಡನೆ ಬರುವದಿಲ್ಲ.

ಇನ್ನೊಂದು ಜಾತಿಯನ್ನೂ ಇಲ್ಲಿಯೇ ಹೇಳಬೇಕು. ಭಾರತದ ಸೈನ್ಯದಲ್ಲಿ ಸೇವೆ ಮಾಡಿದ ಕರ್ನಲ್ ಫಾಸ್ಬರಿ ಎಂಬವನು ೧೮೮೫ರಲ್ಲಿ ಒಂದು ಉಪಾಯಕ್ಕೆ ಪೇಟೆಂಟ್ ಪಡೆದನು. ನಳಿಗೆಯೆಲ್ಲ ನುಣುಪು, ಬಾಯಿಯ ಹತ್ತಿರದ ಕೆಲವು ಇಂಚು ಮಾತ್ರ ಗೀರು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯವರು ಅದನ್ನು ಪ್ಯಾರಡಾಕ್ಸ್ ಎಂಬ ಹೆಸರಿನಿಂದ ಮಾರಿದರು. ಹಿಂದಿನಿಂದ ನೋಡಿದರೆ ಸಾದಾ ಜೋಡು ನಳಿಗೆಯಂತೆಯೇ ಕಾಣುತ್ತದೆ. ಅದಕ್ಕೆ ಅದರದೇ ಅಳತೆಯ ಗುಂಡು ಬೇಕು. ಪೇಟೆಯಲ್ಲಿ ಸಿಕ್ಕಿದ ಯಾವುದೋ ಒಂಟಿ ಗುಂಡನ್ನು ಅದರಲ್ಲಿ ಹಾಕಕೂಡದು. ಆದ್ದರಿಂದ ಹಳೆಯ ಬಂದೂಕು ಕೈಗೆ ಬಂದರೆ ಮೊದಲ ಕೆಲಸ, ಲೈಸೆನ್ಸುಳ್ಳ ಬಂದೂಕಿನ ಕಸಬುದಾರನ ಕಡೆಗೆ ಒಯ್ದು ನಳಿಗೆಯ ಒಳಮೈ ತೋರಿಸುವದು.

ಒಂಟಿ ಗುಂಡು ಎಂದರೇನು?

ಒಂದು ಪೌಂಡು ಸೀಸದಲ್ಲಿ ಸರಿಸಮನಾದ ೧೨ ಗುಂಡು ಮಾಡಿದರೆ ಒಂದು ಗುಂಡಿನ ವ್ಯಾಸ ಎಷ್ಟೋ ಅಷ್ಟೇ ೧೨ ಬೋರಿನ ನಳಿಗೆಯ ಒಳಗಲ. ಅದು ಸುಮಾರು ೧೮.೫ ಮಿಲಿಮೀಟರು. ಹಿಂದೆ ಒಂಟಿ ಗುಂಡು ಎಂದರೆ ದುಂಡನೆಯ ಸೀಸದ ಗುಂಡೇ. ೧೮೯೮ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬ್ರೆನೆಕೆ ಎಂಬವನು ಮೈಮೇಲೆ ಏಣುಗಳಿರುವ, ಹಿಂದೆ ಬೆಣೆ ಕೂಡಿಸಿದ ಉದ್ದ ಗುಂಡನ್ನು ಮಾಡಿದನು. ೧೯೩೦ರ ದಶಕದಲ್ಲಿ ಅಮೇರಿಕೆಯ ಫಾಸ್ಟರ್ ಎಂಬವನ ಹೆಸರಿನ ಪೊಳ್ಳು ಬಾಲದ ಗುಂಡು ಬಂದಿತು. ಇವು ಸಾಮಾನ್ಯವಾಗಿ ೨೮ರಿಂದ ೩೨ ಗ್ರಾಂ ತೂಗುತ್ತವೆ. ನಳಿಗೆಯಿಂದ ಹೊರಡುವಾಗ ಸೆಕೆಂಡಿಗೆ ೪೦೦ ಮೀಟರಿಗೂ ಮೀರಿದ ವೇಗವಿರುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಗುಂಡಿನ ಮೈಮೇಲೆ ಓರೆ ಏಣುಗಳನ್ನು ಕಂಡು, ಇದು ರೈಫಲಿನ ಗುಂಡು ಎಂದು ಕೆಲವರು ಎಣಿಸುತ್ತಾರೆ. ಹಾಗಲ್ಲ. ನಳಿಗೆಯ ಬಾಯಿ ಕಿರಿದಾಗಿದ್ದರೆ ಆ ಏಣುಗಳು ಜಜ್ಜಿಹೋಗಿ ಗುಂಡಿಗೆ ದಾರಿ ಆಗಲಿ ಎಂಬುದೇ ಅವುಗಳ ಮುಖ್ಯ ಉದ್ದೇಶ. ಕೂಡುನಳಿಗೆಯ ಬಂದೂಕಿನಲ್ಲಿ ಒಂಟಿ ಗುಂಡಿನ ಕಾಡತೂಸು ನುಣುಪು ನಳಿಗೆಗೆ ಮಾತ್ರ. ರೈಫಲು ನಳಿಗೆಗೆ ಅದರ ಮೇಲೆ ಕೊರೆದಿರುವ ಅಳತೆಯ ರೈಫಲು ಕಾಡತೂಸು ಮಾತ್ರ. ಪ್ಲಾಸ್ಟಿಕಿನ ಅಂಗಿ ತೊಡಿಸಿದ ಇನ್ನೊಂದು ಬಗೆಯ ಒಂಟಿ ಗುಂಡು ಇದೆ. ಅದು ಪೂರ್ತಿ ಗೀರಿರುವ ವಿಶೇಷ ನಳಿಗೆಗಳಿಗಾಗಿ ಮಾಡಿದ್ದು, ನಮ್ಮ ನುಣುಪು ನಳಿಗೆಯ ಕೆಲಸಕ್ಕೆ ಬಾರದು.

ಚೋಕಿನ ಲೆಕ್ಕ

ಛರ್ರಾ ಬೇಗನೆ ಚದುರಬಾರದೆಂದು ನಳಿಗೆಯ ಬಾಯಿಯನ್ನು ಸ್ವಲ್ಪ ಕಿರಿದು ಮಾಡಿರುತ್ತಾರೆ. ಇದೇ ಚೋಕು. ೧೨ ಬೋರಿನಲ್ಲಿ ಪೂರ್ಣ ಚೋಕು ಎಂದರೆ ಸುಮಾರು ಒಂದು ಮಿಲಿಮೀಟರಿನ ಕಿರಿದು. ಅರ್ಧ ಚೋಕು ಎಂದರೆ ಅದರ ಅರ್ಧ. ಕಿರಿದೇ ಇಲ್ಲದ ಬಾಯಿಗೆ ಸಿಲಿಂಡರ್ ಎನ್ನುತ್ತಾರೆ.

ಒಂದು ಮಿಲಿಮೀಟರೆಂದರೆ ಏನು ಮಹಾ ಎನ್ನಬಾರದು. ಛರ್ರಾ ಕಾಳುಗಳು ಒಂದನ್ನೊಂದು ಒತ್ತಿಕೊಂಡು ಆ ಇಕ್ಕಟ್ಟನ್ನು ದಾಟುತ್ತವೆ. ಇಡೀ ಸೀಸದ ದುಂಡು ಗುಂಡು ಹಾಗೆ ಸರಿದುಕೊಳ್ಳಲಾರದು. ನಳಿಗೆಯ ಅಗಲಕ್ಕೆ ಸರಿಯಾಗಿ ಕೂಡುವ ಗುಂಡು ಪೂರ್ಣ ಚೋಕಿಗೆ ಬಂದು ಬಡಿದರೆ ನಳಿಗೆಯ ತುದಿ ಉಬ್ಬಬಹುದು, ಸೀಳಬಹುದು. ಹಳೆಯ ಹಗುರ ಬಂದೂಕಿನಲ್ಲಿ ಆ ಜಾಗದ ಉಕ್ಕು ಬಹಳ ತೆಳುವು. ಏಣುಳ್ಳ ಕಾರ್ಖಾನೆಯ ಗುಂಡು ಚೋಕಿನಲ್ಲಿ ಹಾಯಬಹುದಾದರೂ ಅದು ಜಜ್ಜಿಹೋಗಿ ಗುರಿ ಕೆಡುತ್ತದೆ. ಆದ್ದರಿಂದ ಒಂಟಿ ಗುಂಡಿಗೆ ಸಿಲಿಂಡರ್ ಅಥವಾ ತೀರ ಕಡಿಮೆ ಚೋಕಿನ ನಳಿಗೆಯೇ ಒಳ್ಳೆಯದು.

ಜೋಡು ನಳಿಗೆಯಲ್ಲಿ ಸಾಮಾನ್ಯವಾಗಿ ಬಲಗಡೆಯದು ತೆರೆದದ್ದು, ಎಡಗಡೆಯದು ಬಿಗಿಯಾದದ್ದು. ಡ್ರಿಲ್ಲಿಂಗಿನಲ್ಲಿಯೂ ಹೆಚ್ಚಾಗಿ ಹೀಗೆಯೇ. ಆದರೆ ಇದು ರೂಢಿ, ನಿಯಮವಲ್ಲ. ಹಣ ತೂರಿಸಿ ನೋಡಿ ಚೋಕು ತಿಳಿಯುವ ಹಳ್ಳಿಯ ಪದ್ಧತಿಯನ್ನು ನಂಬದೆ, ಕಸಬುದಾರನಿಂದ ಮಾಪು ಹಾಕಿಸಿ ಪ್ರತಿ ನಳಿಗೆಯ ಅಳತೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು.

ಕಾಡತೂಸಿನ ಉದ್ದ ಮತ್ತು ಬೋರು

ಹಳೆಯ ಬಂದೂಕುಗಳ ಕೋಣೆ ೬೫ ಮಿಲಿಮೀಟರಿನದು ಇರಬಹುದು. ಇಂದಿನ ಕಾಡತೂಸು ಬಹುಶಃ ೭೦ ಮಿಲಿಮೀಟರಿನದು. ಇದರಲ್ಲಿಯ ಮೋಸವೇನೆಂದರೆ, ಕಾಡತೂಸಿನ ಮೇಲೆ ಬರೆದ ಉದ್ದವು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡಾಗಿನದು. ಹಾರಿಸುವ ಮೊದಲು ಬಾಯಿ ಮಡಿಚಿದ್ದರಿಂದ ಅದು ಗಿಡ್ಡಾಗಿರುತ್ತದೆ, ಸಣ್ಣ ಕೋಣೆಯಲ್ಲಿಯೂ ಸಲೀಸಾಗಿ ಕೂಡುತ್ತದೆ. ಹಾರಿದಾಗ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒಳಗಿನ ಒತ್ತಡ ಏರುತ್ತದೆ. "ಕೂಡುತ್ತದೆ, ಅಂದಮೇಲೆ ಸರಿ" ಎನ್ನುವ ಮಾತು ಇಲ್ಲಿ ಸಲ್ಲದು.

ಜರ್ಮನಿಯ ಕೂಡುನಳಿಗೆಗಳಲ್ಲಿ ೧೬ ಬೋರಿನವು ಬಹಳ. ಅವಕ್ಕೆ ೧೨ ಬೋರಿನ ಕಾಡತೂಸು ಹಿಡಿಯುವದೇ ಇಲ್ಲ. ಅದಕ್ಕಿಂತ ಭಯಂಕರವಾದದ್ದು ೨೦ ಬೋರಿನ ಕಾಡತೂಸು ೧೨ ಬೋರಿನ ನಳಿಗೆಗೆ ಬೀಳುವದು. ಅದು ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಕೋಣೆ ಖಾಲಿ ಇದ್ದಂತೆ ತೋರುತ್ತದೆ. ಅದರ ಹಿಂದೆ ೧೨ ಬೋರಿನದನ್ನು ಹಾಕಿ ಹಾರಿಸಿದರೆ ನಳಿಗೆ ಒಡೆದು ಕೈ ಹೋಗುವದು. ಎರಡು ಬೋರಿನ ಕಾಡತೂಸುಗಳನ್ನು ಒಂದೇ ಚೀಲದಲ್ಲಿ, ಒಂದೇ ಕಪಾಟಿನಲ್ಲಿ ಇಡಲೇಬಾರದು.

ತಂತಿ ಸುತ್ತಿ ಬೆಸೆದಂತೆ ಮೈಮೇಲೆ ಬಳ್ಳಿ ಬಳ್ಳಿಯ ಗುರುತು ಇರುವ ಹಳೆಯ ಡಮಾಸ್ಕಸ್ ನಳಿಗೆಗೆ ಇಂದಿನ ಹೊಗೆಯಿಲ್ಲದ ಮದ್ದಿನ ಕಾಡತೂಸು ಬೇಡ. ಅದನ್ನು ಗೋಡೆಗೆ ತೂಗುಹಾಕಬೇಕಾದರೂ ಲೈಸೆನ್ಸಿನ ಕಾಯದೆ ನೋಡಿಕೊಂಡೇ ತೂಗುಹಾಕಬೇಕು.

ಕಾಡತೂಸು ಕಾರ್ಖಾನೆಯದೇ ಇರಲಿ. ಪುಣೆಯ ಹತ್ತಿರದ ಖಡಕಿಯಲ್ಲಿ ೧೮೬೯ರಿಂದ ಸರಕಾರಿ ಮದ್ದುಗುಂಡಿನ ಕಾರ್ಖಾನೆ ಇದೆ; ಶಕ್ತಿಮಾನ್ ಹೆಸರಿನ ೧೨ ಬೋರಿನ ಕಾಡತೂಸು ಅಲ್ಲಿಯದೇ. ಛರ್ರಾದ ಕಾಡತೂಸು ಬಿಚ್ಚಿ, ಮನೆಯಲ್ಲಿ ಎರಕ ಹೊಯ್ದ ಸೀಸದ ಗುಂಡು ತುಂಬುವ ಚಾಳಿ ಪ್ರಾಣಕ್ಕೆ ಎರವಾಗುವಂಥದು. ಮದ್ದಿನ ತೂಕಕ್ಕೂ ಗುಂಡಿನ ತೂಕಕ್ಕೂ ಕಾರ್ಖಾನೆಯವರು ಲೆಕ್ಕ ಕಟ್ಟಿರುತ್ತಾರೆ. ಆ ಲೆಕ್ಕ ತಪ್ಪಿದರೆ ಒಡೆಯುವದು ಬಂದೂಕು, ಕಳೆದುಹೋಗುವದು ಕಣ್ಣು. ಲೈಸೆನ್ಸಿಲ್ಲದೆ ಹಾಗೆ ತಯಾರಿಸುವದು ಅಪರಾಧವೂ ಹೌದು.

ಟ್ರಿಗರಿನ ಗೊಂದಲ

ಕೂಡುನಳಿಗೆಯ ಬಂದೂಕಿನಲ್ಲಿ ಅಪಾಯ ಹೆಚ್ಚಾಗಿ ಬರುವದು ಇಲ್ಲಿಂದಲೇ. ಮೂರು ನಳಿಗೆಗೆ ಎರಡೇ ಟ್ರಿಗರು. ಒಂದು ಗುಂಡಿಯನ್ನು ಸರಿಸಿದರೆ ಮುಂದಿನ ಟ್ರಿಗರು ಬಲಗಡೆಯ ನುಣುಪು ನಳಿಗೆಯನ್ನು ಬಿಟ್ಟು ರೈಫಲು ನಳಿಗೆಗೆ ಹೊಂದಿಕೊಳ್ಳುತ್ತದೆ. ಕತ್ತಲಲ್ಲಿ, ಅವಸರದಲ್ಲಿ ಆ ಗುಂಡಿ ಎತ್ತ ಇದೆ ಎಂಬುದು ಮರೆತರೆ ೪೦ ಮೀಟರಿನ ಗುಂಡೆಂದು ಹಾರಿಸಿದ್ದು ಮೂರು ಕಿಲೋಮೀಟರು ಹಾರಬಲ್ಲ ರೈಫಲಿನ ಗುಂಡಾದೀತು. ಅದಲ್ಲದೆ ಅನೇಕ ಬಂದೂಕುಗಳಲ್ಲಿ ಮುಂದಿನ ಟ್ರಿಗರನ್ನು ಮುಂದಕ್ಕೆ ನೂಕಿದರೆ ಅದು ಕೂದಲೆಳೆಯಷ್ಟು ಸೂಕ್ಷ್ಮವಾಗುತ್ತದೆ. ಬೆರಳು ತಾಗಿದರೆ ಸಾಕು, ಹಾರಿತು.

ಇದಕ್ಕೆ ಉಪಾಯ ರೂಢಿಯೊಂದೇ. ಖಾಲಿ ಬಂದೂಕಿನಲ್ಲಿ, ಸುಳ್ಳು ಕಾಡತೂಸು ಹಾಕಿ, ಹಗಲಿನಲ್ಲಿ ಅನೇಕ ಸಲ ಕೈ ಕೂಡಿಸಬೇಕು. ರೈಫಲು ನಳಿಗೆಯ ಕೆಲಸವೇ ಇಲ್ಲದಾಗ ಅದನ್ನು ಖಾಲಿ ಇಡುವದು ಎಲ್ಲಕ್ಕಿಂತ ಮೇಲು.

ಗುರಿಯ ಮಾತೂ ಹಾಗೆಯೇ. ಬೆಸೆದ ನಳಿಗೆಗಳು ಒಂದೇ ಕಡೆಗೆ ಹೊಡೆಯುವದಿಲ್ಲ. ಒಂದು ನಳಿಗೆ ಕಾಯ್ದರೆ ಉಳಿದವುಗಳ ಗುರಿಯೂ ಸರಿಯುತ್ತದೆ. ಅಪ್ಪಣೆಯಿರುವ ಗುರಿ ಮೈದಾನದಲ್ಲಿ, ತಣ್ಣಗಿನ ನಳಿಗೆಯಿಂದ ಮೊದಲು ೨೫, ಆಮೇಲೆ ೪೦ ಮೀಟರಿಗೆ ಪರೀಕ್ಷೆ ಮಾಡಿ ನೋಡಬೇಕು. ನುಣುಪು ನಳಿಗೆಯ ಒಂಟಿ ಗುಂಡಿಗೆ ೫೦ ಮೀಟರೆಂದರೆ ಕಡೆಯ ಗಡಿ ಎಂದು ತಿಳಿಯಿರಿ.

ಹಾರಿಸುವ ಮೊದಲು ನಳಿಗೆಯೊಳಗೆ ಬೆಳಕು ಹಾಯುವದನ್ನು ಕಣ್ಣಾರೆ ನೋಡಬೇಕು. ಮೂಲೆಯಲ್ಲಿಟ್ಟ ಬಂದೂಕಿನ ನಳಿಗೆಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟುವದುಂಟು. ಬದು ದಾಟುವಾಗ ಬಾಯಿಗೆ ಕೆಸರು ಮೆತ್ತುವದುಂಟು. ಟ್ರಿಗರು ಎಳೆದರೂ ಹಾರದಿದ್ದರೆ ನಳಿಗೆಯನ್ನು ಜನರಿಲ್ಲದ ದಿಕ್ಕಿಗೇ ಹಿಡಿದು ಅರ್ಧ ನಿಮಿಷವಾದರೂ ತಡೆದು ಆಮೇಲೆ ಬಿಚ್ಚಬೇಕು. ಸಪ್ಪಳ ಮೆತ್ತಗೆ ಬಂದರೆ ಗುಂಡು ನಡುವೆಯೇ ಸಿಕ್ಕಿರಬಹುದು. ನೋಡದೆ ಎರಡನೆಯದನ್ನು ಹಾರಿಸಬಾರದು.

ಗುಂಡು ಎಲ್ಲಿ ನಿಲ್ಲುವದು?

ಫ್ರಾನ್ಸಿನ ಜೂರ್ನೆ ಎಂಬ ಸೇನಾಧಿಕಾರಿ ಹಾಕಿಕೊಟ್ಟ ಒಂದು ಸುಲಭ ಲೆಕ್ಕವಿದೆ. ದುಂಡು ಸೀಸದ ಕಾಳಿನ ವ್ಯಾಸವನ್ನು ಇಂಚಿನಲ್ಲಿ ತೆಗೆದುಕೊಂಡು ೨೨೦೦ರಿಂದ ಗುಣಿಸಿದರೆ, ಮೇಲಕ್ಕೆತ್ತಿ ಹಾರಿಸಿದಾಗ ಅದು ಹೋಗಬಹುದಾದ ದೂರ ಗಜಗಳಲ್ಲಿ ಬರುತ್ತದೆ.

೬ ನಂಬರಿನ ಛರ್ರಾ, ವ್ಯಾಸ ೦.೧೦ ಇಂಚು: ೨೨೦ ಗಜ, ಎಂದರೆ ಒಂದು ಫರ್ಲಾಂಗು.
ಎಲ್.ಜಿ. ಛರ್ರಾ, ವ್ಯಾಸ ೦.೩೬ ಇಂಚು: ಸುಮಾರು ೮೦೦ ಗಜ, ಎಂದರೆ ಮೂರೂವರೆ ಫರ್ಲಾಂಗಿಗೂ ಮೇಲೆ.
ಒಂಟಿ ದುಂಡು ಗುಂಡು, ವ್ಯಾಸ ೦.೬೯ ಇಂಚು: ಸುಮಾರು ೧೫೦೦ ಗಜ, ಎಂದರೆ ಹತ್ತಿರ ಹತ್ತಿರ ಏಳು ಫರ್ಲಾಂಗು.

ಏಳು ಫರ್ಲಾಂಗಿನೊಳಗೆ ನಿಮ್ಮ ಹೊಲದ ಸುತ್ತ ಎಷ್ಟು ವಸ್ತಿಗಳಿವೆ, ಎಣಿಸಿ ನೋಡಿರಿ. ಛರ್ರಾ ಬಿಟ್ಟು ಒಂಟಿ ಗುಂಡು ಹಾಕಿದ ಕ್ಷಣಕ್ಕೆ ಅವರೆಲ್ಲರ ಜೀವದ ಜವಾಬುದಾರಿ ನಿಮ್ಮ ಬೆರಳಿನ ಮೇಲೆ ಬರುತ್ತದೆ.

ನಿಂತು ಹಾರಿಸಿದರೂ ಗುಂಡು ನೆಲಕ್ಕೆ ಬೀಳುವದಲ್ಲ ಎನ್ನುವವರು ಈ ಲೆಕ್ಕ ನೋಡಲಿ. ನಿಂತವನ ಹೆಗಲು ನೆಲದಿಂದ ಒಂದೂವರೆ ಮೀಟರು ಎತ್ತರ. ೩೦ ಮೀಟರು ದೂರದಲ್ಲಿ ಹಂದಿಯ ಹೆಗಲು ಅರ್ಧ ಮೀಟರು ಎತ್ತರ. ಗುರಿ ತಪ್ಪಿದ ಗುಂಡು ಇನ್ನೂ ೧೫ ಮೀಟರು ಮುಂದೆ ಹೋಗಿ ನೆಲ ಮುಟ್ಟುತ್ತದೆ. ಅದೂ ನೆಲವನ್ನು ಸವರಿದಂತೆ. ನಮ್ಮ ಕಲ್ಲುನೆಲದ ಮೇಲೆ ಹಾಗೆ ಸವರಿದ ಸೀಸದ ಗುಂಡು ಅಲ್ಲಿಯೇ ನಿಲ್ಲದು. ಕೆರೆಯ ನೀರಿಗೆ ಮಕ್ಕಳು ಬೀಸಿದ ಹೆಂಚಿನ ಚೂರಿನಂತೆ ಪುಟಿದು, ದಿಕ್ಕು ಬದಲಿಸಿ ಹಾರುತ್ತದೆ.

ಈಗ ಅಟ್ಟಣೆಯ ಮೇಲೆ ಕೂತವನ ಲೆಕ್ಕ ಹಾಕೋಣ. ಬಂದೂಕು ನೆಲದಿಂದ ೪ ಮೀಟರು ಎತ್ತರ, ಹಂದಿ ೨೦ ಮೀಟರು ದೂರ. ತಪ್ಪಿದ ಗುಂಡು ೩ ಮೀಟರಿನೊಳಗೆ ನೆಲಕ್ಕೆ ಬರುತ್ತದೆ, ಕೋನವೂ ಐದು ಪಟ್ಟು ಕಡಿದು. ಕೆಳಗಿನದು ಉತ್ತ ಮೆತ್ತನೆಯ ಮಣ್ಣಾಗಿದ್ದರೆ ಅಲ್ಲಿಯೇ ಹೂತುಕೊಳ್ಳುವ ಸಂಭವ ಹೆಚ್ಚು. ಹಿಂದೆ ಎತ್ತರದ ಮಣ್ಣಿನ ಒಡ್ಡು ಇದ್ದರೆ ಇನ್ನೂ ಭದ್ರ. ಕಲ್ಲಿನ ಗುಡ್ಡ, ಬಾವಿಯ ದಂಡೆ, ಕೃಷಿಹೊಂಡದ ನೀರು ಹಿಂದಿದ್ದರೆ ಹಾರಿಸಬಾರದು. ದಿನ್ನೆಯ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಂತ ಪ್ರಾಣಿಯ ಕಡೆಗಂತೂ ಎಂದಿಗೂ ಇಲ್ಲ.

ಜೋಳ ಅಲುಗಿತೆಂದು, ಸಪ್ಪಳ ಬಂತೆಂದು ಹಾರಿಸುವದು ಕೊಲೆಗೆ ಸಮಾನ. ಬೆಳೆಯೊಳಗೆ ನೀರು ಬಿಡಲು ಬಂದ ಆಳು ಇರಬಹುದು, ಪಕ್ಕದ ಹೊಲ ಕಾಯಲು ಬಂದ ನೆರೆಯವನಿರಬಹುದು, ನಸುಕಿನಲ್ಲಿ ಬಯಲಿಗೆ ಹೋದ ಹೆಣ್ಣುಮಗಳಿರಬಹುದು. ಬ್ಯಾಟರಿಯ ಬೆಳಕಿನಲ್ಲಿ ಪ್ರಾಣಿಯ ಪೂರ್ತಿ ಮೈಯೂ ಅದರ ಹಿಂದಿನ ನೆಲವೂ ಕಾಣಬೇಕು. ಎರಡರಲ್ಲಿ ಒಂದು ಕಾಣದಿದ್ದರೂ ಬೆರಳು ಟ್ರಿಗರಿನ ಹೊರಗಿರಲಿ.

ಕಾಯದೆ ಮತ್ತು ಗಡಿ

ಲೈಸೆನ್ಸು ಇದ್ದ ಮಾತ್ರಕ್ಕೆ ಪ್ರಾಣಿಯನ್ನು ಹೊಡೆಯುವ ಅಧಿಕಾರ ಬರುವದಿಲ್ಲ. ೧೯೭೨ರ ವನ್ಯಜೀವಿ ರಕ್ಷಣೆಯ ಕಾಯದೆಗೆ ಆದ ತಿದ್ದುಪಡಿ ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದಿದ್ದು, ಅದರಂತೆ ಅಡವಿಹಂದಿ ಎರಡನೆಯ ಪಟ್ಟಿಯಲ್ಲಿದೆ. ಬೆಳೆಗೆ ಅಪಾಯವಿದ್ದಾಗ ಅಧಿಕಾರವುಳ್ಳ ಅರಣ್ಯ ಅಧಿಕಾರಿಯ ಬರಹದ ಅಪ್ಪಣೆ ಕೈಯಲ್ಲಿರಬೇಕು. ಚಿಗರಿ ಮೊದಲನೆಯ ಪಟ್ಟಿಯಲ್ಲಿದೆ. ಬೆಳೆ ಮೇಯ್ದಿತೆಂಬ ಕಾರಣಕ್ಕೆ ಅದನ್ನು ಹೊಡೆಯುವಂತಿಲ್ಲ. ಬೆಳೆ ಹಾನಿಗೆ ಅರಣ್ಯ ಖಾತೆಯಿಂದ ಪರಿಹಾರ ಸಿಗುತ್ತದೆ; ಹಾನಿ ಕಂಡ ಕೂಡಲೆ ಅರ್ಜಿ ಕೊಡಬೇಕು.

೧೯೫೯ರ ಶಸ್ತ್ರ ಕಾಯದೆಯ ೧೩ನೆಯ ಕಲಮಿನಲ್ಲಿ ಬೆಳೆ ರಕ್ಷಣೆಗೆ ಹೇಳಿರುವದು ಬಾಯಿಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯದು. ರೈಫಲಿನ ಹೆಸರು ಅಲ್ಲಿ ಇಲ್ಲ. ಆದ್ದರಿಂದ ಕೂಡುನಳಿಗೆಯ ಬಂದೂಕು ಇದ್ದವರು ತಮ್ಮ ಲೈಸೆನ್ಸಿನಲ್ಲಿ ಯಾವ ಶಸ್ತ್ರ, ಯಾವ ಉದ್ದೇಶ, ಎಷ್ಟು ಕಾಡತೂಸು ಎಂದು ಬರೆದಿದೆಯೋ ಓದಿಸಿಕೊಳ್ಳಬೇಕು. ನಮ್ಮಲ್ಲಿ ಅನೇಕರು ಕಲಿತದ್ದು ಕನ್ನಡ ಶಾಲೆಯಲ್ಲಿ, ಕಚೇರಿಯ ಕಾಗದ ಮರಾಠಿಯಲ್ಲಿ. ತಿಳಿಯದಿದ್ದರೆ ತಿಳಿದವರಿಂದ ಓದಿಸುವದರಲ್ಲಿ ಅವಮಾನವಿಲ್ಲ. ಲೈಸೆನ್ಸುದಾರ ತೀರಿಕೊಂಡರೆ ಬಂದೂಕು ತಾನಾಗಿಯೇ ಮಗನದಾಗುವದಿಲ್ಲ. ೨೦೧೬ರ ನಿಯಮಗಳಂತೆ ವಾರಸುದಾರನು ಸಾಂಗಲಿಯ ಜಿಲ್ಲಾಧಿಕಾರಿಗಳಿಗೆ ಬೇರೆ ಅರ್ಜಿ ಮಾಡಿಕೊಳ್ಳಬೇಕು.

ಗಡಿಯವರಿಗೆ ಇನ್ನೊಂದು ಎಚ್ಚರಿಕೆ. ಹೊಲ ಉಮದಿಯಲ್ಲಿ, ಬೀಗರು ವಿಜಯಪುರ ಜಿಲ್ಲೆಯಲ್ಲಿ. ಎರಡೂ ಕಡೆ ಮಾತು ಒಂದೇ, ಮಣ್ಣು ಒಂದೇ. ಆದರೂ ಲೈಸೆನ್ಸು ಯಾವ ಪ್ರದೇಶಕ್ಕೆ ಸಲ್ಲುತ್ತದೆಂದು ಅದರಲ್ಲಿಯೇ ಬರೆದಿರುತ್ತದೆ. ಅದರಾಚೆಗೆ ಬಂದೂಕು ಒಯ್ದರೆ ಅಪರಾಧ. ಮಹಾರಾಷ್ಟ್ರದ ಅರಣ್ಯ ಅಧಿಕಾರಿಯ ಅಪ್ಪಣೆ ಕರ್ನಾಟಕದ ಹೊಲಕ್ಕೆ ಸಲ್ಲದು. ಬೀಗರ ಮದುವೆಯಲ್ಲಿ ಹರ್ಷಕ್ಕೆಂದು ಅಜಾಗರೂಕತೆಯಿಂದ ಬಂದೂಕು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ, ೨೦೧೯ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ನಿಷ್ಕಾಳಜಿಯಿಂದ ಮನುಷ್ಯನ ಜೀವವೇ ಹೋದರೆ ಭಾರತೀಯ ನ್ಯಾಯ ಸಂಹಿತೆಯ ೧೦೬ನೆಯ ಕಲಮಿನಂತೆ ಐದು ವರ್ಷದವರೆಗೆ ಸೆರೆಯುಂಟು.

ನೆನಪಿಡತಕ್ಕ ಮಾತುಗಳು

೧. ನಳಿಗೆ, ಚೋಕು, ಕೋಣೆಯ ಅಳತೆ ಬರೆದ ಚೀಟಿ ಬಂದೂಕಿನ ಜೊತೆಗಿರಲಿ.
೨. ಒಂಟಿ ಗುಂಡು ತೆರೆದ ಬಾಯಿಯ ನುಣುಪು ನಳಿಗೆಗೆ ಮಾತ್ರ.
೩. ಕಾರ್ಖಾನೆಯ ಕಾಡತೂಸು, ಅದೇ ಬೋರು, ಕೋಣೆಯ ಉದ್ದಕ್ಕೆ ಮೀರದ್ದು.
೪. ಬೇಡವಾದ ನಳಿಗೆ ಖಾಲಿ. ಯಾವ ಟ್ರಿಗರು ಯಾವ ನಳಿಗೆಗೆ ಎಂಬುದು ಕೈಗೆ ರೂಢಿಯಾಗಿರಲಿ.
೫. ಅಟ್ಟಣೆಯಿಂದ ಕೆಳಕ್ಕೆ, ಹತ್ತಿರದಿಂದ, ಮೆತ್ತನೆಯ ಮಣ್ಣಿನ ಕಡೆಗೆ.
೬. ಬಂದೂಕು ಒಂದು ಬೀಗದಲ್ಲಿ, ಕಾಡತೂಸು ಇನ್ನೊಂದು ಬೀಗದಲ್ಲಿ. ಎರಡೂ ಮಕ್ಕಳ ಕೈಗೆ ದೂರ.

ಬೇಲಿ, ಕಾವಲು, ಸರಕಾರ ಒಪ್ಪಿದ ಸೌರಬೇಲಿ, ಇವುಗಳಿಂದ ಆಗುವ ಕೆಲಸಕ್ಕೆ ಬಂದೂಕು ತೆಗೆಯುವ ಕಾರಣವಿಲ್ಲ. ಬೇಲಿಯ ತಂತಿಗೆ ಮನೆಯ ಕರೆಂಟು ಕೊಡುವದಂತೂ ಬಂದೂಕಿಗಿಂತ ಘಾತಕ. ಹಂದಿ ತಿಂದ ಜೋಳವನ್ನು ಮುಂದಿನ ಹಿಂಗಾರಿಯಲ್ಲಿ ಬಿತ್ತಿ ಬೆಳೆದುಕೊಳ್ಳಬಹುದು. ನೆರೆಯ ವಸ್ತಿಯ ಜೀವ ಹೋದರೆ ಯಾವ ಹಂಗಾಮಿನಲ್ಲಿಯೂ ಮರಳಿ ಬಾರದು. ಈ ಗುಂಡು ತಪ್ಪಿದರೆ ಇಂಥ ಜಾಗದಲ್ಲಿಯೇ ಹೋಗಿ ನಿಲ್ಲುತ್ತದೆ ಎಂದು ಬೆರಳು ಮಾಡಿ ತೋರಿಸಲು ಬಂದರೆ ಮಾತ್ರ ಒಂಟಿ ಗುಂಡಿಗೆ ಕೈ ಹಚ್ಚಿರಿ. ತೋರಿಸಲು ಬಾರದಿದ್ದರೆ ಬಂದೂಕು ಬಿಚ್ಚಿ, ಕಾಡತೂಸು ತೆಗೆದು, ಅಟ್ಟಣೆ ಇಳಿಯಿರಿ.